ಥೂಜಾ ಗಿಡವೂ ತೊಗರಿ ಬೇರಿನ ಗಂಟೂ

ಹೂವಿನ ಹಿಪ್ಪರಗಿಯ ಸುತ್ತಮುತ್ತ ಪೈನ್ ಕಾಡಿಲ್ಲ. ಬಸವನ ಬಾಗೇವಾಡಿ ಕಡೆಯಿಂದ ಈ ಹೋಬಳಿಗೆ ಬರುವ ದಾರಿಯುದ್ದಕ್ಕೂ ಕಾಣುವುದು ಬೇವು, ಜಾಲಿ, ಬನ್ನಿ, ಹುಣಸೆ. ಆಚೆ ಈಚೆ ಎರಿ ಹೊಲ. ಹಾಗಿದ್ದೂ ತಂಪು ನಾಡಿನ ಮರಗಳ ಬಳಗದ್ದೊಂದು ಗಿಡ ಈ ಬಿಸಿಲಿಗೂ ಬಂದು ನೆಲೆಸಿದೆ. ಶಾಲೆಯ ಅಂಗಳ, ಬ್ಯಾಂಕಿನ ಮುಂಭಾಗ, ಪೆಟ್ರೋಲ್ ಬಂಕಿನ ಮೂಲೆ, ಹೊಸ ಮನೆಯ ಗೇಟಿನ ಎರಡೂ ಬದಿ, ಹೀಗೆ ವಿಜಯಪುರ ಜಿಲ್ಲೆಯಲ್ಲಿ ಎಲ್ಲಿ ನಿಂತು ನೋಡಿದರೂ ಥೂಜಾ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತದೆ. ಮಕ್ಕಳಿಗೆ ಅದು ವಿದ್ಯೆಯ ಗಿಡ. ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡಿದ ಟಿಸಿಲೊಂದನ್ನು ಕಿತ್ತು, ನವಿಲುಗರಿಯ ಪಕ್ಕದಲ್ಲಿ ಪುಸ್ತಕದ ನಡುವೆ ಇಟ್ಟರೆ ಓದಿದ್ದು ತಲೆಗೆ ಹತ್ತುತ್ತದೆ ಎಂಬ ನಂಬಿಕೆ.

ಆ ಟಿಸಿಲನ್ನು ಪುಸ್ತಕಕ್ಕೆ ಸೇರಿಸುವ ಮುನ್ನ ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಬೇಕು. ಎಲೆ ಎಂದು ಹೇಳುವಂಥ ಎಲೆಯೇ ಇಲ್ಲ. ಒಂದರ ಮೇಲೊಂದು ಹೊದಿಸಿದ ಹಸಿರು ಚಿಪ್ಪುಗಳಿವೆ. ಕೊಂಬೆಯ ತುದಿಯಲ್ಲಿ ನೀಲಿ ಬೂದಿ ಸವರಿದಂಥ ಪುಟ್ಟ ಕಾಯಿಗಳು, ಪ್ರತಿ ಕಾಯಿಗೂ ಹೊರಕ್ಕೆ ಬಾಗಿದ ಕೊಕ್ಕೆಗಳು. ಸಸ್ಯಶಾಸ್ತ್ರದ ಪ್ರಕಾರ ಅದು ಕಾಯಿಯಲ್ಲ, ಶಂಕು. ಹೂವಿಲ್ಲದೆ, ಹಣ್ಣಿನ ಹೊದಿಕೆಯಿಲ್ಲದೆ ಬೀಜ ಕಟ್ಟುವ ಕೋನಿಫರ್ ವರ್ಗದ್ದು ಈ ಗಿಡ. ಇದರ ತವರು ಚೀನಾ. ಹಿಮಾಲಯದ ದೇವದಾರು, ಯುರೋಪಿನ ಸ್ಪ್ರೂಸ್, ಅಮೆರಿಕದ ರೆಡ್‌ವುಡ್ ಎಲ್ಲವೂ ಇದರ ಬಂಧುಗಳೇ.

ಈ ಬರಹದ ಎರಡನೆಯ ಜೀವಿ ಇರುವುದು ಶಾಲೆಯ ಕಾಂಪೌಂಡಿನ ಆಚೆ, ತೊಗರಿ ಹೊಲದ ಒಳಗೆ. ಮುಂಗಾರಿಗೆ ಬಿತ್ತಿದ ತೊಗರಿ ಒಂದೂವರೆ ತಿಂಗಳಿನದಾದಾಗ, ಮಳೆ ಬಿದ್ದು ನೆಲ ಹಸಿಯಿದ್ದಾಗ, ಒಂದು ಗಿಡವನ್ನು ಬುಡದ ಮಣ್ಣಿನ ಸಮೇತ ಸಲಿಕೆಯಿಂದ ಎತ್ತಬೇಕು. ಕೈಯಿಂದ ಜಗ್ಗಿದರೆ ಕೆಲಸ ಕೆಟ್ಟಿತು. ನೋಡಬೇಕಾದದ್ದೆಲ್ಲ ಎರಿಯೊಳಗೇ ಕಳಚಿ ಉಳಿಯುತ್ತದೆ. ಬಕೆಟ್ ನೀರಿನಲ್ಲಿ ಬೇರನ್ನು ಮೆಲ್ಲಗೆ ಅಲುಗಾಡಿಸಿದರೆ ಕಪ್ಪು ಮಣ್ಣು ಕರಗಿ, ಸಾಸಿವೆ, ಜೋಳದ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಂಟು ಜೀವಂತವಿದೆ, ಕೆಲಸದಲ್ಲಿದೆ ಎಂಬುದಕ್ಕೆ ಅದೇ ಗುರುತು. ಬಿಳಿಚಿಕೊಂಡಿದ್ದರೆ ಇನ್ನೂ ಕೆಲಸ ಶುರುವಾಗಿಲ್ಲ. ಕಂದು, ಹಸಿರು ತಿರುಗಿದ್ದರೆ ಮುಗಿದಿದೆ. ಜಂತುಹುಳ ಬಿದ್ದ ಬೇರಿನಲ್ಲೂ ಗಂಟುಗಳಿರುತ್ತವೆ. ಆದರೆ ಅಲ್ಲಿ ಬೇರೇ ಊದಿಕೊಂಡಿರುತ್ತದೆ, ಗಂಟನ್ನು ಬೇರೆ ಮಾಡಲು ಬರುವುದಿಲ್ಲ. ಇದು ಹಾಗಲ್ಲ, ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಮುಟ್ಟಿದರೆ ಉದುರುತ್ತದೆ.

ಈ ಗಂಟಿನೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ರೈಜೋಬಿಯಂ ಎಂಬ ಹೆಸರಿನಲ್ಲಿ ರೈತರಿಗೆ ಪರಿಚಯವಿರುವ ಬಳಗ ಇದು. ತೊಗರಿಗೆ ಒಗ್ಗುವುದು ಬಹುಮಟ್ಟಿಗೆ ಅದರಲ್ಲಿ ನಿಧಾನವಾಗಿ ಬೆಳೆಯುವ ಬ್ರಾಡಿರೈಜೋಬಿಯಂ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ ಇದ್ದರೂ ಯಾವ ಗಿಡಕ್ಕೂ ಅದನ್ನು ನೇರವಾಗಿ ತಿನ್ನಲಾಗದು. ಅದನ್ನು ಅಮೋನಿಯ ಮಾಡಲು ಗೊಬ್ಬರದ ಕಾರ್ಖಾನೆಗೆ 400 ಡಿಗ್ರಿಗೂ ಮಿಕ್ಕಿದ ಶಾಖ, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಬ್ಯಾಕ್ಟೀರಿಯಾ ಇದೇ ಕೆಲಸವನ್ನು ಹೊಲದ ಮಣ್ಣಿನ ಶಾಖದಲ್ಲೇ ಮುಗಿಸುತ್ತದೆ. ಅದಕ್ಕೆ ನೆರವಾಗುವ ಕಿಣ್ವಕ್ಕೆ ಆಮ್ಲಜನಕ ಸೋಕಿದರೆ ಆಗದು. ಹೀಗಾಗಿ ಗಿಡವೇ ನಮ್ಮ ರಕ್ತದ ಹಿಮೊಗ್ಲೋಬಿನ್‌ಗೆ ಹತ್ತಿರದ ಒಂದು ಪ್ರೋಟೀನು ತಯಾರಿಸಿ, ಆಮ್ಲಜನಕವನ್ನು ಹಿಡಿದು ಹದವಾಗಿ ಬಿಡುತ್ತದೆ. ಉಗುರಿಗೆ ಅಂಟಿದ ಕೆಂಪು ಅದರದ್ದು. ಬದಲಿಗೆ ಗಿಡ ಸಕ್ಕರೆಯ ಅಂಶ ಕೊಡುತ್ತದೆ. ತೊಗರಿ ಹೀಗೆ ಹೆಕ್ಟೇರಿಗೆ ಅಂದಾಜು 40 ಕಿಲೋ ಸಾರಜನಕ ಗಳಿಸುತ್ತದೆ ಎಂಬುದು ಕೃಷಿ ವಿಜ್ಞಾನಿಗಳ ಲೆಕ್ಕ.

ಎರಿ ಹೊಲದಲ್ಲಿ ಆ ಲೆಕ್ಕ ಯಾವಾಗಲೂ ಪೂರ್ತಿ ಕೈಗೆ ಹತ್ತುವುದಿಲ್ಲ. ರಿವೆಲಿಯಾ ಎಂಬ ನೊಣದ ಮರಿಹುಳ ಗಂಟಿನ ಒಳಗೆ ಹೊಕ್ಕು ತಿರುಳು ತಿಂದು ಬರೀ ಸಿಪ್ಪೆ ಉಳಿಸುತ್ತದೆ. ಕೆಂಪು ಮಣ್ಣಿಗಿಂತ ಕಪ್ಪು ಮಣ್ಣಿನಲ್ಲಿ ಇದರ ಕಾಟ ಹೆಚ್ಚು ಎಂಬುದನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಗುರುತಿಸಿದ್ದಾರೆ. ಮೇಲೆ ಗಿಡ ಹಸಿರಾಗಿಯೇ ಇರುವುದರಿಂದ ಕೆಳಗಿನ ಈ ಕಳವು ಯಾರ ಗಮನಕ್ಕೂ ಬರುವುದಿಲ್ಲ.

ಥೂಜಾವನ್ನೂ ಈ ಗಂಟಿನ ನಿವಾಸಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮೇಲ್ನೋಟಕ್ಕೆ ಹುಡುಗಾಟ ಅನಿಸಬಹುದು. ಒಂದು ಮರ, ಇನ್ನೊಂದು ಬರಿಗಣ್ಣಿಗೆ ಕಾಣದ ಒಂಟಿ ಕೋಶ. ಆದರೆ ಜೀವವಿಜ್ಞಾನಿಗಳು ಈಗ ದಿನನಿತ್ಯ ಮಾಡುತ್ತಿರುವುದು ಇಂಥ ಹೋಲಿಕೆಗಳನ್ನೇ, ಯಾಕೆಂದರೆ ಎರಡರ ಒಳಗೂ ಬರಹವಿದೆ, ಎರಡರ ಬರಹಕ್ಕೂ ಅವೇ ನಾಲ್ಕು ರಾಸಾಯನಿಕ ಅಕ್ಷರಗಳು. ಶಾಲೆಯ ಪಠ್ಯದಲ್ಲಿ ಬ್ಯಾಕ್ಟೀರಿಯಾ ಮೊದಲ ಪುಟಗಳಲ್ಲಿ, ಕೋನಿಫರ್ ಎಷ್ಟೋ ಪುಟಗಳ ನಂತರ ಬರುತ್ತದೆ. ಓದುವ ಹುಡುಗನಿಗೆ ಮೊದಲಿನದು ಕೆಳದರ್ಜೆ, ನಂತರದ್ದು ಮೇಲ್ದರ್ಜೆ ಎಂದು ತೋರುವುದು ಸಹಜ. ಅಕ್ಷರಗಳನ್ನು ಎಣಿಸಿ ನೋಡಿದಾಗ ಈ ಮೆಟ್ಟಿಲು ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ.

2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ನಾರ್ವೆ ಸ್ಪ್ರೂಸ್ ಮರದ ಜೀನೋಮ್, ಅಂದರೆ ಅದರ ಡಿಎನ್ಎಯ ಪೂರ್ತಿ ಬರಹ, ಓದಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಕೋನಿಫರ್ ಮರವೊಂದರ ಪೂರ್ತಿ ಬರಹಕ್ಕೆ ಕೈಹಾಕಿದ್ದರಲ್ಲಿ ಅದು ಮೊದಲ ಸಾಲಿನ ಕೆಲಸ. ಉದ್ದ ಸುಮಾರು 2,000 ಕೋಟಿ ಅಕ್ಷರ. ಮನುಷ್ಯನದು 310 ಕೋಟಿಯ ಆಸುಪಾಸು. ಅಂದರೆ ಮರದ್ದು ಆರು ಪಟ್ಟಿಗೂ ಹೆಚ್ಚು. ಅದಕ್ಕೂ ಹನ್ನೊಂದು ವರ್ಷ ಮೊದಲು, 2002ರಲ್ಲಿ, ಜಪಾನಿನ ಕಜೂಸಾ ಡಿಎನ್ಎ ಸಂಶೋಧನಾ ಸಂಸ್ಥೆ ಸೋಯಾ ಅವರೆಯ ಬೇರುಗಂಟಿನ ಬ್ರಾಡಿರೈಜೋಬಿಯಂ ಜೀನೋಮನ್ನು ಓದಿತ್ತು. ತೊಗರಿ ಗಂಟಿನ ಜೀವಿಗೆ ಅದು ದಾಯಾದಿ. ಅದರ ಉದ್ದ 91 ಲಕ್ಷ ಅಕ್ಷರ, ಬ್ಯಾಕ್ಟೀರಿಯಾಗಳ ಪೈಕಿ ಸಾಕಷ್ಟು ದೊಡ್ಡದೇ. ನಮ್ಮ ಕರುಳಿನ ಇ. ಕೋಲಿಯದು 46 ಲಕ್ಷ ಮಾತ್ರ.

ಉದ್ದದಲ್ಲಿ ಮರ ಬ್ಯಾಕ್ಟೀರಿಯಾಕ್ಕಿಂತ ಎರಡು ಸಾವಿರ ಪಟ್ಟು ಮುಂದೆ. ಇನ್ನು ಜೀನುಗಳ, ಅಂದರೆ ನಿಜಕ್ಕೂ ಕೆಲಸ ಹೇಳುವ ತುಣುಕುಗಳ ಲೆಕ್ಕ. ಸ್ಪ್ರೂಸಿನಲ್ಲಿ ಖಚಿತವಾಗಿ ಗುರುತಿಸಿದ್ದು 28,354, ಬ್ರಾಡಿರೈಜೋಬಿಯಂನಲ್ಲಿ 8,317. ಎರಡು ಸಾವಿರ ಪಟ್ಟು ಇದ್ದ ಅಂತರ ಏಕಾಏಕಿ ಮೂರೂವರೆ ಪಟ್ಟಿಗೆ ಇಳಿಯಿತು!

ಈ ಬರಹಗಳನ್ನು ಪುಟಕ್ಕೆ ಐದು ಸಾವಿರ ಅಕ್ಷರದಂತೆ ಅಚ್ಚು ಹಾಕಿಸಿದರೆ ಬ್ಯಾಕ್ಟೀರಿಯಾದ ಗ್ರಂಥ 1,820 ಪುಟಕ್ಕೆ ಮುಗಿಯುತ್ತದೆ. ಸ್ಪ್ರೂಸ್ ಮರದ್ದು 40 ಲಕ್ಷ ಪುಟ. ಮೊದಲ ಗ್ರಂಥದಲ್ಲಿ ಪ್ರತಿ ಪುಟಕ್ಕೂ ನಾಲ್ಕೈದು ಜೀನು ಸಿಗುತ್ತವೆ, ನಡುವೆ ಖಾಲಿ ಜಾಗ ತೀರಾ ಕಡಿಮೆ. ಎರಡನೆಯದರಲ್ಲಿ ಸರಾಸರಿ 140 ಪುಟ ಮಗುಚಿದ ಮೇಲೆ ಒಂದು ಜೀನು. ಅದೂ ಒಂದೇ ಕಡೆ ಇರುವುದಿಲ್ಲ. ಅರ್ಧ ವಾಕ್ಯ ಇಲ್ಲಿ, ಉಳಿದರ್ಧ ಎರಡು ಮೂರು ಪುಟ ಬಿಟ್ಟು, ಒಮ್ಮೊಮ್ಮೆ ಹತ್ತು ಪುಟಗಳಾಚೆ.

ಉಳಿದ ಪುಟಗಳಲ್ಲಿ ಇರುವುದೇನು? ಬಹುಪಾಲು ಒಂದೇ ಮಾತಿನ ಪುನರಾವರ್ತನೆ. ತನ್ನದೇ ನಕಲು ತೆಗೆದು ಜೀನೋಮಿನ ಇನ್ನೊಂದು ಮೂಲೆಯಲ್ಲಿ ಅಂಟಿಸಿಕೊಳ್ಳುವ ಚೂರುಗಳು ಬಹುತೇಕ ಎಲ್ಲ ಜೀವಿಗಳಲ್ಲೂ ಇವೆ. ಜೋಳ, ಗೋಧಿಯಲ್ಲೂ ಉಂಟು. ಹೂ ಬಿಡುವ ಗಿಡಗಳು ಅವುಗಳನ್ನು ಆಗಾಗ ಕತ್ತರಿಸಿ ಹೊರಹಾಕುತ್ತವೆ. ಕೋನಿಫರ್‌ಗಳು ಹಾಗೆ ಹೊರಹಾಕುವುದರಲ್ಲಿ ಬಲು ಸೋಮಾರಿ. ಕೋಟ್ಯಂತರ ವರ್ಷಗಳ ಕಾಲ ಒಂದೊಂದಾಗಿ ಸೇರಿದ್ದು ಸೇರಿದಲ್ಲೇ ಉಳಿದು, ಸವೆದು, ಗುರುತು ಸಿಗದಂತಾಗಿ ಮಲಗಿವೆ. 2014ರಲ್ಲಿ ಓದಿದ ಅಮೆರಿಕದ ಲಾಬ್ಲಾಲಿ ಪೈನ್‌ನ ಜೀನೋಮ್ 2,200 ಕೋಟಿ ಅಕ್ಷರ, ಅದರಲ್ಲಿ ನೂರಕ್ಕೆ 82 ಪಾಲು ಈ ಬಗೆಯದು. ಎರಡು ವರ್ಷಗಳ ಬಳಿಕ ಓದಿದ ಶುಗರ್ ಪೈನ್ 3,100 ಕೋಟಿ ಮುಟ್ಟಿತು. ಇದನ್ನೆಲ್ಲ ‘ಕಸ’ ಎಂದು ಕರೆಯುವ ರೂಢಿ ಒಂದು ಕಾಲಕ್ಕಿತ್ತು. ಮೂವತ್ತು ಕೋಟಿ ವರ್ಷದಿಂದ ನಿಂತಿರುವ ಕುಲವೊಂದು ಇಷ್ಟು ಭಾರ ಹೊತ್ತೂ ಬದುಕಿದೆ ಎಂದರೆ, ಕಸ ಎನ್ನಲು ಕೊಂಚ ಹಿಂಜರಿಯುವುದು ಒಳ್ಳೆಯದು.

ಬ್ಯಾಕ್ಟೀರಿಯಾದ ಬಾಳುವೆ ಇದಕ್ಕೆ ತದ್ವಿರುದ್ಧ. ಬೇಡದ್ದನ್ನು ಇಟ್ಟುಕೊಳ್ಳುವ ಐಷಾರಾಮ ಅದಕ್ಕಿಲ್ಲ. ಬೇಕಾದಾಗ ನೆರೆಯವರಲ್ಲಿ ಇಸಿದುಕೊಳ್ಳುತ್ತದೆ. ಇದನ್ನು ಹೊಲದಲ್ಲೇ ಕೈಗೆ ಸಿಕ್ಕಿಸಿಕೊಂಡವರು ನ್ಯೂಜಿಲೆಂಡಿನ ವಿಜ್ಞಾನಿಗಳು. ಅಲ್ಲಿನ ಹುಲ್ಲುಗಾವಲೊಂದರಲ್ಲಿ ಲೋಟಸ್ ಎಂಬ ಮೇವಿನ ದ್ವಿದಳ ಗಿಡವನ್ನು ಬಿತ್ತುವಾಗ, ಅದಕ್ಕೆ ಒಗ್ಗುವ ಒಂದೇ ಒಂದು ತಳಿಯ ರೈಜೋಬಿಯಂ ಹಚ್ಚಿದ್ದರು. ಕೆಲವು ವರ್ಷಗಳ ನಂತರ ಅದೇ ಜಾಗದ ಗಂಟುಗಳನ್ನು ಒಡೆದು ನೋಡಿದರೆ ಒಳಗೆ ತರತರದ ಬ್ಯಾಕ್ಟೀರಿಯಾಗಳು, ಹಚ್ಚಿದ್ದಲ್ಲದವು. ಆದದ್ದಿಷ್ಟು: ಗಂಟು ಕಟ್ಟುವ, ಸಾರಜನಕ ಹಿಡಿಯುವ ಜೀನುಗಳೆಲ್ಲ ಸೇರಿದ ಐದು ಲಕ್ಷ ಅಕ್ಷರದಷ್ಟು ದೊಡ್ಡ ತುಂಡು ಹಚ್ಚಿದ ತಳಿಯಿಂದ ಹೊರಬಿದ್ದು, ಅಲ್ಲೇ ಮಣ್ಣಿನಲ್ಲಿ ತಮ್ಮ ಪಾಡಿಗೆ ಇದ್ದ ಬೇರೆ ಬ್ಯಾಕ್ಟೀರಿಯಾಗಳೊಳಗೆ ಸೇರಿಕೊಂಡಿತ್ತು. ನಿನ್ನೆಯವರೆಗೆ ಗಂಟು ಕಟ್ಟಲು ಬಾರದ ಜೀವಿ ಒಂದೇ ಪೆಟ್ಟಿಗೆ ಕಸುಬು ಕಲಿತಿತ್ತು. ಜಾನ್ ಸಲಿವನ್, ಕ್ಲೈವ್ ರಾನ್ಸನ್ ಮತ್ತು ಜೊತೆಗಾರರು ಇದನ್ನು 1990ರ ದಶಕದಲ್ಲಿ ವರದಿ ಮಾಡಿದರು. ಸ್ಪ್ರೂಸ್ ಮರದ ವಂಶ ಹೊಸದೇನಾದರೂ ಕಲಿಯಬೇಕೆಂದರೆ ಪರಾಗ ಹಾರಿ, ಬೀಜ ಬಿದ್ದು, ಸಸಿ ಮರವಾಗಿ, ಇಪ್ಪತ್ತೈದು ಮೂವತ್ತು ವರ್ಷಕ್ಕೆ ಶಂಕು ಬಿಡುವ ತನಕ ಕಾಯಬೇಕು.

ಈ ಚುರುಕುತನದ ಇನ್ನೊಂದು ಮುಖ ವಿಜಯಪುರದವರಿಗೆ ಚೆನ್ನಾಗಿ ಗೊತ್ತು. ದಾಳಿಂಬೆ ಬೆಳೆದವರನ್ನು ಕೇಳಿದರೆ ಸಾಕು. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ, ನಂತರ ಕಾಯಿಯ ಮೇಲೆ ಕಪ್ಪು ಮಚ್ಚೆ, ಆಮೇಲೆ ಕಾಯಿ ಅಡ್ಡಡ್ಡ ಸೀಳಿ ಬಾಯಿ ಬಿಡುವುದು. ಸೊಲ್ಲಾಪುರದ ಕಡೆ ಇದನ್ನು ‘ತೇಲ್ಯಾ’ ಎನ್ನುತ್ತಾರೆ, ಕೃಷಿ ಇಲಾಖೆಯ ಕರಪತ್ರಗಳಲ್ಲಿ ದುಂಡಾಣು ಅಂಗಮಾರಿ. ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ ಇದು. ಜೀನೋಮ್ ಅರ್ಧ ಕೋಟಿ ಅಕ್ಷರದ ಆಸುಪಾಸು. ಮಳೆ ಹನಿ ಸಿಡಿದಲ್ಲೆಲ್ಲ ಹರಡಿ, ಎಲೆಯ ಉಸಿರುರಂಧ್ರದಿಂದಲೋ ಕತ್ತರಿ ತಾಗಿದ ಗಾಯದಿಂದಲೋ ಒಳಹೊಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳ ದಾಳಿಂಬೆ ತೋಟಗಳಲ್ಲಿ ಇದು ಎದ್ದಾಗ ಸಾಲ ಮಾಡಿ ಗಿಡ ಹಚ್ಚಿದ ಎಷ್ಟೋ ಮಂದಿ ಗಿಡಗಳನ್ನು ಬುಡಸಮೇತ ಕಿತ್ತುಹಾಕಿದರು. ಒಂದು ಹೊಲದಲ್ಲಿ ತೊಗರಿಗೆ ಅನ್ನ ಹಾಕುವ ಬಳಗ, ಬದುವಿನಾಚೆ ದಾಳಿಂಬೆಗೆ ಮೃತ್ಯು.

ವೇಗ ಎಂದರೆ ಎಷ್ಟು ಎಂಬುದಕ್ಕೆ ಒಂದು ಪ್ರಯೋಗ ಪ್ರಸಿದ್ಧವಾಗಿದೆ. 1988ರ ಫೆಬ್ರವರಿಯಲ್ಲಿ ಅಮೆರಿಕದ ರಿಚರ್ಡ್ ಲೆನ್ಸ್ಕಿ ಒಂದೇ ಇ. ಕೋಲಿ ಸಂತತಿಯನ್ನು ಹನ್ನೆರಡು ಸೀಸೆಗಳಿಗೆ ಹಂಚಿ, ದಿನವೂ ಅಷ್ಟಿಷ್ಟನ್ನು ಹೊಸ ಸೀಸೆಗೆ ದಾಟಿಸುತ್ತ ಬೆಳೆಸತೊಡಗಿದರು. ಸೀಸೆಗಳಲ್ಲಿ ಈವರೆಗೆ 75,000ಕ್ಕೂ ಹೆಚ್ಚು ತಲೆಮಾರು ಕಳೆದಿವೆ. 31,500ನೇ ತಲೆಮಾರಿನ ಸುಮಾರಿಗೆ ಒಂದು ಸೀಸೆಯ ಬ್ಯಾಕ್ಟೀರಿಯಾ ಗಾಳಿಯಾಡುವ ಜಾಗದಲ್ಲೂ ಸಿಟ್ರೇಟನ್ನು ತಿನ್ನಲು ಕಲಿತು ಎಲ್ಲರನ್ನೂ ಬೆರಗುಗೊಳಿಸಿತು, ಇ. ಕೋಲಿ ಜಾತಿಗೆ ಸಾಮಾನ್ಯವಾಗಿ ಬರದ ವಿದ್ಯೆ ಅದು. ಲೆನ್ಸ್ಕಿ ಅವರದೇ ದೇಶದ ಕ್ಯಾಲಿಫೋರ್ನಿಯದ ವೈಟ್ ಪರ್ವತಗಳಲ್ಲಿ ಬ್ರಿಸಲ್‌ಕೋನ್ ಪೈನ್ ಒಂದಿದೆ, ಹೆಸರು ಮೆಥುಸೆಲಾ. 1957ರಲ್ಲಿ ಎಡ್ಮಂಡ್ ಶುಲ್ಮನ್ ಅದರ ಉಂಗುರಗಳನ್ನು ಎಣಿಸಿದರು. ಈಗ ಅದರ ವಯಸ್ಸು 4,800 ವರ್ಷ ದಾಟಿದೆ. ಹರಪ್ಪದಲ್ಲಿ ಇಟ್ಟಿಗೆ ಸುಡುತ್ತಿದ್ದ ಕಾಲಕ್ಕೇ ಮರವಾಗಿದ್ದ ಈ ಜೀವಿಯ ಲೆಕ್ಕದಲ್ಲಿ ಇನ್ನೂ ನಡೆಯುತ್ತಿರುವುದು ಒಂದೇ ತಲೆಮಾರು.

ನಿಧಾನ ಎಂದರೆ ಬದಲಾವಣೆಯೇ ಇಲ್ಲ ಎಂದಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಸರಾಸರಿ 76 ಮೀಟರ್ ಎತ್ತರದ, 220ರಿಂದ 500 ವರ್ಷ ವಯಸ್ಸಿನ ಸಿಟ್ಕಾ ಸ್ಪ್ರೂಸ್ ಮರಗಳನ್ನು ಹತ್ತಿ, ತುದಿಯ ಸೂಜಿಎಲೆಯನ್ನೂ ಬುಡದ ತೊಗಟೆಯನ್ನೂ ತಂದು ಹೋಲಿಸಿದವರಿದ್ದಾರೆ. ಒಂದೇ ಮರದ ಬುಡಕ್ಕೂ ತುದಿಗೂ ಒಂದು ಲಕ್ಷದವರೆಗೆ ಅಕ್ಷರಗಳ ವ್ಯತ್ಯಾಸ ಇರಬಹುದು ಎಂಬುದು 2019ರಲ್ಲಿ ಅವರು ಕೊಟ್ಟ ಅಂದಾಜು. ಆದರೆ ವರ್ಷದ ಲೆಕ್ಕಕ್ಕೆ ತಂದರೆ ಅದು ಅತಿ ಕಡಿಮೆ.

ಇನ್ನು ಕೋನಿಫರ್ ಈ ನಾಡಿಗೆ ಪೂರ್ತಿ ಹೊರಗಿನದು ಎನ್ನುವಂತೆಯೂ ಇಲ್ಲ. ವಿಜಯಪುರದ ಗ್ರಂಥಿಗೆ ಅಂಗಡಿಗೆ ಹೋಗಿ ಕೆಮ್ಮಿನ ಚೂರ್ಣ ಕೇಳಿದರೆ ಕೊಡುವ ತಾಳೀಸಾದಿಯಲ್ಲಿ ತಾಳೀಸಪತ್ರವಿದೆ. ಹಿಮಾಲಯದ ಫರ್ ಮರದ ಸೂಜಿಎಲೆ ಅದು. ಪಕ್ಕದ ಡಬ್ಬಿಯ ದೇವದಾರು ಚಕ್ಕೆಯೂ ಕೋನಿಫರೇ. ನಮ್ಮ ಪತ್ರಿಕೆಗಳು ಆಮದು ಮಾಡಿಕೊಳ್ಳುವ ನ್ಯೂಸ್‌ಪ್ರಿಂಟ್ ಬಹುತೇಕ ರಷ್ಯಾ, ಕೆನಡಾದಂಥ ದೇಶಗಳ ಸ್ಪ್ರೂಸ್, ಪೈನ್, ಫರ್‌ಗಳ ತಿರುಳಿನಿಂದ ಆದದ್ದು. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಕೋನಿಫರ್ ಮಾತ್ರ ಒಂದೇ ಒಂದು, ಪಶ್ಚಿಮಘಟ್ಟದ ದಕ್ಷಿಣ ಭಾಗದ ನಾಗೇಯಾ. ಹಿಂದೆ ಹಾಗಿರಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಉಕ್ಕಿ ಹರಿದು ದಖ್ಖನ್ ಪ್ರಸ್ಥಭೂಮಿಯ ಕಪ್ಪುಗಲ್ಲಾಯಿತು. ಆ ಕಲ್ಲು ಸವೆದದ್ದೇ ಈ ಸೀಮೆಯ ಎರಿ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಕೆರೆಗಳಿದ್ದವು, ಗಿಡಮರಗಳಿದ್ದವು. ಮಧ್ಯಪ್ರದೇಶದ ಛಿಂದವಾಡ ಜಿಲ್ಲೆಯ ಮೋಹಗಾಂವ್ ಕಲಾನ್‌ನಲ್ಲಿ ಆ ಪದರಗಳಿಂದ ಕೋನಿಫರ್ ಶಂಕುಗಳ ಪಳೆಯುಳಿಕೆ ಸಿಕ್ಕಿವೆ.

ಕರಾವಳಿಯ ಗಾಳಿಮರವನ್ನು ನೋಡಿ ‘ನಮ್ಮಲ್ಲೂ ಪೈನ್ ಇದೆಯಲ್ಲ’ ಎನ್ನುವವರುಂಟು. ಕಟ್ಟಡದ ಸಾರುವೆಗೆ ವಿಜಯಪುರದವರೆಗೂ ಬರುವ ಸರ್ವೆ ಕಂಬ ಅದರದ್ದೇ. ಸೂಜಿಯಂಥ ಟಿಸಿಲು, ಶಂಕುವಿನಂಥ ಕಾಯಿ, ಗಾಳಿಗೆ ಹೊರಡುವ ಅದೇ ಸುಯ್ಯೆಂಬ ಸದ್ದು. ಎಲ್ಲ ಇದ್ದರೂ ಅದು ಕೋನಿಫರ್ ಅಲ್ಲ, ಅಪ್ಪಟ ಹೂ ಬಿಡುವ ಮರ. ಸಮುದ್ರದ ಬರಿ ಮರಳಲ್ಲಿ ಅದು ಹುಲುಸಾಗಿ ಬೆಳೆಯುವ ಗುಟ್ಟು ಬೇರಿನಲ್ಲಿದೆ: ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಅಲ್ಲಿ ಗಂಟು ಕಟ್ಟಿ ಸಾರಜನಕ ಒದಗಿಸುತ್ತದೆ. ನಿಜವಾದ ಪೈನ್‌ಗೆ ಇಂಥ ಗಂಟಿಲ್ಲ. ಅದು ನೆಚ್ಚಿಕೊಂಡಿರುವುದು ಬೇರಿಗೆ ಹೊದ್ದುಕೊಳ್ಳುವ ಶಿಲೀಂಧ್ರವನ್ನು. ಆಫ್ರಿಕಾದಲ್ಲಿ ಮೊದಮೊದಲು ಪೈನ್ ನೆಟ್ಟಾಗ ಸಸಿಗಳು ಏಳಲೇ ಇಲ್ಲ. ತವರಿನ ಮಣ್ಣನ್ನು ಶಿಲೀಂಧ್ರ ಸಮೇತ ತಂದು ಹಾಕಿದ ಮೇಲಷ್ಟೇ ಹಿಡಿದುಕೊಂಡವು. ಗಂಟಿಲ್ಲದಿದ್ದರೂ ಬ್ಯಾಕ್ಟೀರಿಯಾದ ಋಣ ಪೂರ್ತಿ ತಪ್ಪಿಲ್ಲ. ಕೆನಡಾದ ಕ್ರಿಸ್ ಚಾನ್ವೇ ಅವರ ತಂಡ ಲಾಡ್ಜ್‌ಪೋಲ್ ಪೈನ್ ಸಸಿಗಳ ಅಂಗಾಂಶದೊಳಗೇ ಸಾರಜನಕ ಹಿಡಿಯುವ ಪೇನಿಬ್ಯಾಸಿಲಸ್ ಇರುವುದನ್ನು ಕಂಡುಕೊಂಡಿದೆ.

ಮನುಷ್ಯ ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಲು ಹೊರಟದ್ದು ಕ್ಯಾನ್ಸರ್ ಔಷಧಿಗಾಗಿ. 1962ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್ಕ್ಲೆ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಕೋನಿಫರ್‌ನ ತೊಗಟೆ ತಂದರು. ಕಟ್ಟಿಗೆಯವರು ಕೆಲಸಕ್ಕೆ ಬಾರದ್ದೆಂದು ಸುಟ್ಟುಹಾಕುತ್ತಿದ್ದ ಮರ ಅದು. ಅದರಿಂದ ಟ್ಯಾಕ್ಸಾಲ್ ಬೇರ್ಪಡಿಸಿ 1971ರಲ್ಲಿ ಅದರ ರಚನೆ ತಿಳಿಸಿದ ಇಬ್ಬರಲ್ಲಿ ಒಬ್ಬರು ಮನರೋ ವಾಲ್, ಇನ್ನೊಬ್ಬರು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನಸುಖ್ ವಾಣಿ. ಕೋಶ ಎರಡಾಗುವಾಗ ಒಳಗಿನ ಎಳೆಗಳು ಕಳಚಿಕೊಳ್ಳದಂತೆ ಅದು ಬಿಗಿದು ಹಿಡಿಯುತ್ತದೆ ಎಂಬುದನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು. 1992ರ ಡಿಸೆಂಬರಿನಲ್ಲಿ ಅಂಡಾಶಯದ ಕ್ಯಾನ್ಸರಿಗೆ, 1994ರಲ್ಲಿ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವಿಜಯಪುರ ಸೀಮೆಯಿಂದ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗುವ ಎಷ್ಟೋ ಹೆಣ್ಣುಮಕ್ಕಳ ಚೀಟಿಯಲ್ಲಿ ‘ಪ್ಯಾಕ್ಲಿಟ್ಯಾಕ್ಸೆಲ್’ ಎಂದು ಬರೆದಿರುವುದು ಇದನ್ನೇ.

ಆದರೆ ಒಂದು ಕಿಲೋ ಔಷಧಿಗೆ ಸುಮಾರು ಹತ್ತು ಸಾವಿರ ಕಿಲೋ ತೊಗಟೆ ಬೇಕಿತ್ತು. ತೊಗಟೆ ಸುಲಿದರೆ ಮರ ಸಾಯುತ್ತದೆ. ಯೂ ಬೆಳೆಯುವುದೋ ಆಮೆಗತಿಯಲ್ಲಿ. ಬೇಡಿಕೆಯ ಬಿಸಿ ನಮ್ಮ ಹಿಮಾಲಯದ ಯೂ ಮರಗಳಿಗೂ ತಟ್ಟಿ, 1990ರ ದಶಕದಲ್ಲಿ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ಯೂ ಎಲೆಯ ಅಂಶವೊಂದರಿಂದ ಅರೆ ಕೃತಕವಾಗಿ ಟ್ಯಾಕ್ಸಾಲ್ ಮಾಡುವ ದಾರಿ ಸಿಕ್ಕಿದ್ದು ದೊಡ್ಡ ಪುಣ್ಯ. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಆಮೇಲೆ ಯೂ ಕೋಶಗಳನ್ನೇ ಟ್ಯಾಂಕಿನಲ್ಲಿ ಬೆಳೆಸುವ ವಿಧಾನವೂ ಬಂತು. ಇವುಗಳ ಜೊತೆಜೊತೆಗೆ ಕೆಲವರು ಕೇಳಿದ ಪ್ರಶ್ನೆ: ಮರದ ಈ ಕೆಲಸವನ್ನು ಇ. ಕೋಲಿಯಿಂದ ಮಾಡಿಸಬಹುದೇ?

2010ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪರಾಯಿಲ್ ಅಜಿಕುಮಾರ್, ಗ್ರೆಗರಿ ಸ್ಟೆಫನೊಪೌಲೋಸ್ ಮತ್ತು ಜೊತೆಗಾರರು ಟ್ಯಾಕ್ಸಾಲ್ ದಾರಿಯ ಮೊದಲ ಮುಖ್ಯ ಮಜಲಾದ ಟ್ಯಾಕ್ಸಡಯೀನ್ ಎಂಬ ವಸ್ತುವನ್ನು ಇ. ಕೋಲಿಯಿಂದ ಲೀಟರಿಗೆ ಒಂದು ಗ್ರಾಂನಷ್ಟು ತೆಗೆದು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಹಿಂದಿನ ಪ್ರಯತ್ನಗಳ ಮುಂದೆ ಅದು ಬೆಟ್ಟದಷ್ಟು ಇಳುವರಿ. ಯೂ ಜೀನನ್ನು ಬರೀ ತಂದು ತುರುಕಿದರೆ ಆಗುವಂತಿರಲಿಲ್ಲ. ಬ್ಯಾಕ್ಟೀರಿಯಾದ ಸ್ವಂತ ಕಾರ್ಯಸರಣಿಗೂ ಮರದಿಂದ ತಂದದ್ದಕ್ಕೂ ಹದ ಹೊಂದಿಸುವುದೇ ನಿಜವಾದ ಕೆಲಸವಾಗಿತ್ತು. ಒಂದು ಕಡೆ ಜೋರಾದರೆ ನಡುವೆ ಬೇಡದ ವಸ್ತು ಸೇರಿ ಕೋಶವನ್ನೇ ಹಾಳುಗೆಡಹುತ್ತಿತ್ತು. ಟ್ಯಾಕ್ಸಡಯೀನ್‌ನಿಂದ ಟ್ಯಾಕ್ಸಾಲ್‌ವರೆಗಿನ ಉಳಿದ ಹತ್ತಾರು ಮಜಲುಗಳು ಇನ್ನೂ ಕಠಿಣ. ಅವುಗಳಲ್ಲಿ ಹಲವಕ್ಕೆ ಬೇಕಾದ ಕಿಣ್ವಗಳು ಗಿಡದ ಕೋಶದೊಳಗಿನ ಪೊರೆಗಳಿಗೆ ಅಂಟಿಕೊಂಡು ಕೆಲಸ ಮಾಡುವಂಥವು. ಬ್ಯಾಕ್ಟೀರಿಯಾದಲ್ಲಿ ಅಂಥ ಪೊರೆಗಳ ಏರ್ಪಾಟೇ ಇಲ್ಲ. 2021ರಲ್ಲಿ ಯೂ ಮರಗಳ ಜೀನೋಮ್ ಓದಿ ಮುಗಿದಾಗ ಅದು ಸಾವಿರ ಕೋಟಿ ಅಕ್ಷರಕ್ಕೂ ಮಿಕ್ಕಿತ್ತು.

ಇಷ್ಟೆಲ್ಲ ಎದುರುಬದುರು ಇಟ್ಟು ನೋಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಅದಕ್ಕೆ ಕೃಷ್ಣೆಯನ್ನು ದಾಟಿ ಬಾಗಲಕೋಟೆ ಜಿಲ್ಲೆಗೆ ಹೋಗಬೇಕು. ಕಲಾದಗಿ, ಲೋಕಾಪುರದ ಸೀಮೆಯ ಸುಣ್ಣಕಲ್ಲು, ಡೋಲೊಮೈಟ್ ಪದರಗಳಲ್ಲಿ ಅಲ್ಲಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಗುರುತುಗಳಿವೆ. ಕಲ್ಲಿನ ಮೈಮೇಲೆ ಒಂದರೊಳಗೊಂದು ಕೂತ ಕಮಾನಿನಂಥ ಗೆರೆಗಳು. ನೂರು ಕೋಟಿ ವರ್ಷಗಳಿಗೂ ಹಿಂದೆ, ಇಲ್ಲಿ ಆಳವಿಲ್ಲದ ಕಡಲಿದ್ದಾಗ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತಿದ್ದ ಸಯನೋಬ್ಯಾಕ್ಟೀರಿಯಾಗಳ ಪೊರೆಯ ಮೇಲೆ ರೇವೆ ಕೂತು, ಅದರ ಮೇಲೆ ಮತ್ತೆ ಪೊರೆ ಬೆಳೆದು ಆದವು. ಭೂಮಿಯ ಮೇಲೆ ಆಗ ಒಂದು ಮರವೂ ಇರಲಿಲ್ಲ. ಅದೇ ಬಗೆಯ ಬ್ಯಾಕ್ಟೀರಿಯಾವೊಂದು ಯಾವುದೋ ಕಾಲದಲ್ಲಿ ದೊಡ್ಡ ಕೋಶವೊಂದರ ಒಳಗೆ ಸೇರಿ, ಅಲ್ಲಿಯೇ ನೆಲೆನಿಂತು ಕ್ಲೋರೊಪ್ಲಾಸ್ಟ್ ಆಯಿತು. ಎಲೆಗಳ ಹಸಿರೆಲ್ಲ ಅದರ ಸಂತಾನ. ತೊಗರಿಯದೂ ಹೌದು, ಕೋನಿಫರ್‌ಗಳದೂ ಹೌದು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಇನ್ನೊಂದು ಬ್ಯಾಕ್ಟೀರಿಯಾದ ವಂಶ, ರೈಜೋಬಿಯಂಗೆ ದೂರದ ನಂಟು. ಎರಡಕ್ಕೂ ಇಂದಿಗೂ ತಮ್ಮದೇ ಪ್ರತ್ಯೇಕ ಡಿಎನ್ಎ ಇದೆ.

ಮರದ ಮನೆಗೆ ಬಂದ ಈ ಇಬ್ಬರ ನಡತೆ ಒಂದೇ ಥರ ಆಗಲಿಲ್ಲ. ಪೈನ್‌ನ ಕ್ಲೋರೊಪ್ಲಾಸ್ಟ್ ತನ್ನ ಜೀನುಗಳಲ್ಲಿ ಬಹುಪಾಲನ್ನು ಮನೆಯೊಡೆಯನ ಕೈಗೆ ಒಪ್ಪಿಸಿ 1.2 ಲಕ್ಷ ಅಕ್ಷರಕ್ಕೆ ಇಳಿದಿದೆ. ಜಪಾನಿನ ಕಪ್ಪು ಪೈನ್‌ನದು 1,19,707 ಎಂದು 1994ರಲ್ಲೇ ಎಣಿಸಿದ್ದಾರೆ. ಮೈಟೊಕಾಂಡ್ರಿಯವೋ, ಕೋನಿಫರ್‌ನ ಚಾಳಿಯನ್ನೇ ಹಿಡಿಯಿತು. ಸಿಟ್ಕಾ ಸ್ಪ್ರೂಸಿನಲ್ಲಿ ಅದರ ಡಿಎನ್ಎ 55 ಲಕ್ಷ ಅಕ್ಷರದಷ್ಟು. ಸ್ವತಂತ್ರವಾಗಿ ಬದುಕುವ ಇ. ಕೋಲಿಯ ಇಡೀ ಜೀನೋಮಿಗಿಂತ ದೊಡ್ಡದು! ಮನುಷ್ಯನ ಮೈಟೊಕಾಂಡ್ರಿಯಕ್ಕೆ ಹದಿನಾರೂವರೆ ಸಾವಿರ ಅಕ್ಷರ ಸಾಕಾಗಿದೆ. ಸ್ಪ್ರೂಸಿನ ಆ 55 ಲಕ್ಷದಲ್ಲಿ ಪ್ರೋಟೀನು ಮಾಡುವ ಜೀನುಗಳು ಬರೀ ನಲವತ್ತರ ಆಸುಪಾಸು. ಒಂದು ಕಾಲಕ್ಕೆ ಎಲ್ಲವನ್ನೂ ಬಿಸಾಡುತ್ತ, ಇಸಿದುಕೊಳ್ಳುತ್ತ ಹಗುರಾಗಿದ್ದ ಜೀವಿ ಮರದೊಳಗೆ ಸೇರಿ ಮರದಂತೆಯೇ ಕೂಡಿಡತೊಡಗಿತು.

ಅವು ಮುಂದಿನ ಪೀಳಿಗೆಗೆ ದಾಟುವ ಬಗೆಯೂ ವಿಚಿತ್ರ. ಹೂ ಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿ ಕ್ಲೋರೊಪ್ಲಾಸ್ಟ್, ಮೈಟೊಕಾಂಡ್ರಿಯ ಎರಡೂ ತಾಯಿಯ ಕಡೆಯಿಂದ ಬರುತ್ತವೆ. ಪೈನ್ ಕುಟುಂಬದಲ್ಲಿ ಕ್ಲೋರೊಪ್ಲಾಸ್ಟ್ ಬರುವುದು ಪರಾಗದ ಮೂಲಕ ತಂದೆಯಿಂದ, ಮೈಟೊಕಾಂಡ್ರಿಯ ತಾಯಿಯಿಂದ. ಕ್ಯಾಲಿಫೋರ್ನಿಯ ಕರಾವಳಿಯ ರೆಡ್‌ವುಡ್ ಮರವನ್ನು 1989ರಲ್ಲಿ ಡೇವಿಡ್ ನೀಲ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಅಲ್ಲಿ ಎರಡೂ ತಂದೆಯಿಂದಲೇ ಬರುವುದು ಗೊತ್ತಾಯಿತು. ನೂರು ಮೀಟರ್ ಎತ್ತರದ ಮರ ಮೇಲಿನಿಂದ ಉದುರಿಸುವ ಒಂದು ಹಳದಿ ಪರಾಗದ ಕಣದೊಳಗೆ, ಬ್ಯಾಕ್ಟೀರಿಯಾದ ಎರಡೂ ವಂಶಗಳು ಒಟ್ಟಿಗೆ ಗಾಳಿಯಲ್ಲಿ ಪಯಣಿಸುತ್ತವೆ.